ಗಜೇಂದ್ರಗಡದಿಂದ ಜೂಬಾವರೆಗೆ: ಶಾಂತಿ ಒಪ್ಪಂದಗಳು ಏಕೆ ಮುರಿಯುತ್ತವೆ?

ದಕ್ಷಿಣ ಸುಡಾನ್ ಸ್ವತಂತ್ರವಾದದ್ದು 2011ರ ಜುಲೈ 9ರಂದು. ಐದು ದಿನಗಳ ಬಳಿಕ ಅದು ವಿಶ್ವಸಂಸ್ಥೆಯ 193ನೆಯ ಸದಸ್ಯ ರಾಷ್ಟ್ರವಾಯಿತು. ಅಂದು ರಾಜಧಾನಿ ಜೂಬಾದ ಬೀದಿಗಳಲ್ಲಿ ಜನರು ಹಾಡಿ ಕುಣಿದರು. ಹದಿನಾಲ್ಕು ವರ್ಷಗಳ ನಂತರ, 2025ರ ಸೆಪ್ಟೆಂಬರ್ 22ರಂದು, ಅದೇ ಜೂಬಾದ ಒಂದು ಸಭಾಂಗಣದಲ್ಲಿ ಕಂಬಿಗಳ ಹಿಂದೆ ಆರೋಪಿಯಾಗಿ ಕುಳಿತವರು ಆ ದೇಶದ ಪ್ರಥಮ ಉಪಾಧ್ಯಕ್ಷರಾಗಿದ್ದ ರಿಯೆಕ್ ಮಚಾರ್. ಅವರ ಮೇಲಿನ ಆರೋಪಗಳು ಕೊಲೆ, ದೇಶದ್ರೋಹ ಹಾಗೂ ಮಾನವೀಯತೆಯ ವಿರುದ್ಧದ ಅಪರಾಧ. ಆರೋಪ ಹೊರಿಸಿದ್ದು ಅಧ್ಯಕ್ಷ ಸಾಲ್ವಾ ಕೀರ್ ಅವರ ಸರಕಾರ. 2018ರಲ್ಲಿ ಇವರಿಬ್ಬರೂ ಕೈಕುಲುಕಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ್ದರು.

ಈ ಸುದ್ದಿಗೆ ಸಾಮಾನ್ಯವಾಗಿ ಸಿಗುವ ವಿವರಣೆ ಒಂದೇ ಸಾಲಿನದು: ಕೀರ್ ದಿಂಕಾ ಜನಾಂಗದವರು, ಮಚಾರ್ ನುಯೆರ್ ಜನಾಂಗದವರು, ಈ ಎರಡು ಬುಡಕಟ್ಟುಗಳಿಗೆ ಹಿಂದಿನಿಂದಲೂ ಆಗಿಬರುವುದಿಲ್ಲ. ಇದು ಪೂರ್ತಿ ಸುಳ್ಳಲ್ಲ. ಆದರೆ ಅರ್ಧ ಸತ್ಯ. ಅರ್ಧ ಸತ್ಯದ ಅಪಾಯವೇನೆಂದರೆ, ಅದನ್ನು ಕೇಳಿದ ಮೇಲೆ ನಾವು ಇನ್ನೇನನ್ನೂ ಕೇಳುವುದಿಲ್ಲ. “ಆಫ್ರಿಕಾದವರು ಹಾಗೆಯೇ” ಎಂದು ಪುಟ ಮಗುಚುತ್ತೇವೆ.

ಪುಟ ಮಗುಚುವ ಮುನ್ನ ಮೂರು ಸಂಗತಿಗಳನ್ನು ನೆನಪಿಗೆ ತಂದುಕೊಳ್ಳೋಣ.

ಒಂದು: 2003ರಲ್ಲಿ ಭಾರತದ ಓಎನ್‌ಜಿಸಿ ವಿದೇಶ್ ಸಂಸ್ಥೆ ಸುಡಾನಿನ ತೈಲ ಯೋಜನೆಯೊಂದರಲ್ಲಿ ಶೇಕಡಾ 25ರಷ್ಟು ಪಾಲನ್ನು ಖರೀದಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಆ ಪಾಲಿನ ಕಚ್ಚಾತೈಲದ ಮೊದಲ ಹಡಗು ಬಂದು ತಲುಪಿದ್ದು ನಮ್ಮ ಮಂಗಳೂರಿಗೆ, ಎಂಆರ್‌ಪಿಎಲ್ ಸಂಸ್ಕರಣಾಗಾರಕ್ಕೆ. ಆ ಯೋಜನೆಯ ಬಾವಿಗಳಲ್ಲಿ ಕೆಲವು ಇಂದಿನ ದಕ್ಷಿಣ ಸುಡಾನಿನ ನೆಲದಲ್ಲಿವೆ. ಆಗ ಅಲ್ಲಿ ಯುದ್ಧ ನಡೆಯುತ್ತಿತ್ತು.

ಎರಡು: 2013ರ ಡಿಸೆಂಬರ್ 19ರಂದು ಜೊಂಗ್ಲೆಯ್ ರಾಜ್ಯದ ಅಕೋಬೋ ಎಂಬಲ್ಲಿ ವಿಶ್ವಸಂಸ್ಥೆಯ ನೆಲೆಯ ಮೇಲೆ ಸಶಸ್ತ್ರ ಯುವಕರ ಗುಂಪು ನುಗ್ಗಿತು. ಅಲ್ಲಿ ಆಶ್ರಯ ಪಡೆದಿದ್ದ ದಿಂಕಾ ನಾಗರಿಕರನ್ನು ರಕ್ಷಿಸುವ ಕೆಲಸದಲ್ಲಿದ್ದ ಇಬ್ಬರು ಭಾರತೀಯ ಯೋಧರು ಪ್ರಾಣ ಕೊಟ್ಟರು. ಅದೇ ವರ್ಷದ ಏಪ್ರಿಲ್ 9ರಂದು ಅದೇ ರಾಜ್ಯದಲ್ಲಿ ಐವರು ಭಾರತೀಯ ಶಾಂತಿಪಾಲಕರು ಹತರಾಗಿದ್ದರು.

ಮೂರು: 2023ರ ಏಪ್ರಿಲ್‌ನಲ್ಲಿ ನೆರೆಯ ಸುಡಾನಿನಲ್ಲಿ ಇಬ್ಬರು ಸೇನಾನಾಯಕರ ನಡುವೆ ಯುದ್ಧ ಸಿಡಿದಾಗ, ಗಿಡಮೂಲಿಕೆಯ ಎಣ್ಣೆ, ಔಷಧಿ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ ಜನ ಅಲ್ಲಿ ಸಿಲುಕಿಕೊಂಡರು. ‘ಆಪರೇಷನ್ ಕಾವೇರಿ’ಯ ಮೂಲಕ ಅವರೂ ಸೇರಿ ಸಾವಿರಾರು ಭಾರತೀಯರನ್ನು ಕರೆತರಲಾಯಿತು. ಅವರಲ್ಲಿ ಹಲವರು ಸಿಲುಕಿದ್ದ ಎಲ್ ಫಾಶರ್ ಪಟ್ಟಣ 2025ರ ಅಕ್ಟೋಬರ್‌ನಲ್ಲಿ ಬಂಡುಕೋರ ಪಡೆಯ ಕೈಗೆ ಬಿದ್ದು, ಅಲ್ಲಿ ಸಾಮೂಹಿಕ ಕೊಲೆಗಳು ನಡೆದವು.

ಆದ್ದರಿಂದ ಆ ನಾಡು ನಮಗೆ ತೀರಾ ದೂರದ್ದಲ್ಲ. ಇನ್ನು, ಅಲ್ಲಿ ನಡೆಯುತ್ತಿರುವುದನ್ನು ಅರ್ಥ ಮಾಡಿಕೊಳ್ಳಲು ಬೇಕಾದ ಬೆಳಕು ನಮ್ಮದೇ ರಾಜ್ಯದ ಗದಗ ಜಿಲ್ಲೆಯ ಮೂರು ತಾಲೂಕುಗಳಲ್ಲಿ ಸಿಗುತ್ತದೆ. ರೋಣ, ನರಗುಂದ ಮತ್ತು ಗಜೇಂದ್ರಗಡ ಇತಿಹಾಸದಲ್ಲಿ ಎರಡೂ ಬಗೆಯ ಪಾಠ ಕಲಿತ ನೆಲ: ದೊಡ್ಡವರ ಒಪ್ಪಂದ ಹೇಗೆ ಮುರಿಯುತ್ತದೆ ಎಂಬುದು ಒಂದು, ಜನರ ಜಗಳ ಬಂದೂಕಿಲ್ಲದೆ ಹೇಗೆ ನಡೆಯಬಲ್ಲದು ಎಂಬುದು ಇನ್ನೊಂದು.

ಮೂರು ವರ್ಷ ಬಾಳಿದ ಒಪ್ಪಂದ

ನರಗುಂದ ಒಂದು ಸಣ್ಣ ಸಂಸ್ಥಾನವಾಗಿತ್ತು. ಬೆಟ್ಟದ ಮೇಲೊಂದು ಕೋಟೆ, ಸುತ್ತ ಎರೆಭೂಮಿ. ಅದು ಮರಾಠರು ಮತ್ತು ಮೈಸೂರಿನವರ ನಡುವೆ ಸಿಕ್ಕಿಬಿದ್ದಿತ್ತು. ಹೈದರಾಲಿಯ ಕಾಲದಲ್ಲಿ ನಿಗದಿಯಾಗಿದ್ದ ಕಪ್ಪಕ್ಕಿಂತ ಹೆಚ್ಚಿನದನ್ನು ಟಿಪ್ಪು ಸುಲ್ತಾನ ಕೇಳಿದಾಗ ನರಗುಂದದ ವೆಂಕಟರಾವ್ ಭಾವೆ ಪೇಶ್ವೆಯ ಮೊರೆ ಹೋದ. 1785ರಲ್ಲಿ ಮೈಸೂರಿನ ಸೈನ್ಯ ನರಗುಂದವನ್ನು ವಶಪಡಿಸಿಕೊಂಡು ಅವನನ್ನು ಸೆರೆ ಹಿಡಿಯಿತು. ಮರುವರ್ಷ ಮರಾಠರು ಹೈದರಾಬಾದಿನ ನಿಜಾಮನನ್ನು ಜೊತೆಗೆ ಸೇರಿಸಿಕೊಂಡು ಯುದ್ಧಕ್ಕೆ ಬಂದರು. ಬಾದಾಮಿ, ಗಜೇಂದ್ರಗಡ ಅವರ ಕೈಸೇರಿದವು. ಕೊನೆಗೆ 1787ರಲ್ಲಿ ಗಜೇಂದ್ರಗಡದಲ್ಲಿ ಒಪ್ಪಂದವಾಯಿತು. ಟಿಪ್ಪು ಕಪ್ಪ ಕೊಡಲು ಒಪ್ಪಿದ. ಬಾದಾಮಿ, ಕಿತ್ತೂರು, ನರಗುಂದ ಮರಾಠರಿಗೆ ಹೋದವು. ನಿಜಾಮನಿಗೆ ಆದವಾನಿ ಮರಳಿತು.

ಆ ಶಾಂತಿ ಎಷ್ಟು ದಿನ ಬಾಳಿತು? ಮೂರೇ ವರ್ಷ. 1790ರಲ್ಲಿ ಮರಾಠರು ಮತ್ತು ನಿಜಾಮ ಇಂಗ್ಲಿಷರ ಜೊತೆ ಸೇರಿ ಮತ್ತೆ ಮೈಸೂರಿನ ಮೇಲೆ ಯುದ್ಧಕ್ಕೆ ಹೊರಟರು. ನರಗುಂದಕ್ಕೆ ಸಮೀಪದ ಧಾರವಾಡದ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಬಿತ್ತು.

ಇಂದು ಈ ಯುದ್ಧವನ್ನು ಧರ್ಮಗಳ ನಡುವಿನ ಹೋರಾಟವೆಂದು ಬಿಂಬಿಸುವವರು ಇದ್ದಾರೆ. ಆದರೆ ಪೇಶ್ವೆಯ ಪಕ್ಕದಲ್ಲಿ ನಿಂತು ಟಿಪ್ಪುವಿನ ವಿರುದ್ಧ ಕಾದಿದವನು ನಿಜಾಮ. ಮುಸಲ್ಮಾನ ಅರಸ ಮುಸಲ್ಮಾನ ಅರಸನ ವಿರುದ್ಧ, ಹಿಂದೂ ದೊರೆಯ ಮಿತ್ರನಾಗಿ ಬಂದಿದ್ದ. ಜಗಳವಿದ್ದದ್ದು ಕಪ್ಪ ಯಾರಿಗೆ, ಕೋಟೆ ಯಾರದು ಎಂಬುದರ ಮೇಲೆ. ಒಪ್ಪಂದ ಹಂಚಿದ್ದೂ ಅವನ್ನೇ. ಬೆಳೆ ಕಳೆದುಕೊಂಡ ರೈತನಿಗೆ, ಎತ್ತು ಕಳೆದುಕೊಂಡ ಒಕ್ಕಲಿಗೆ ಅದರಲ್ಲಿ ಏನೂ ಇರಲಿಲ್ಲ. ಅರಸರ ಲೆಕ್ಕ ಬದಲಾದ ದಿನ ಆ ಶಾಂತಿಯೂ ಮುಗಿಯಿತು.

ಈ ಅಳತೆಗೋಲನ್ನು ಹಿಡಿದುಕೊಂಡು ದಕ್ಷಿಣ ಸುಡಾನಿನ ಕಡೆಗೆ ನೋಡೋಣ.

ಐವತ್ತೈದು ವರ್ಷಗಳ ಹಾದಿ

1956ರ ಜನವರಿ 1ರಂದು ಸುಡಾನ್ ಸ್ವತಂತ್ರವಾಯಿತು. ಬ್ರಿಟಿಷರು ಉತ್ತರ ಮತ್ತು ದಕ್ಷಿಣವನ್ನು ದಶಕಗಳ ಕಾಲ ಬೇರೆ ಬೇರೆಯಾಗಿಯೇ ಆಳಿದ್ದರು. ದಕ್ಷಿಣದಲ್ಲಿ ಶಾಲೆ, ಆಸ್ಪತ್ರೆಗಳ ಹೊಣೆಯನ್ನು ಹೆಚ್ಚಾಗಿ ಕ್ರೈಸ್ತ ಮಿಶನರಿಗಳಿಗೆ ಬಿಟ್ಟಿದ್ದರು. ಸ್ವಾತಂತ್ರ್ಯ ಬಂದಾಗ ಅಧಿಕಾರವೆಲ್ಲ ಉತ್ತರದ ಖಾರ್ತೂಮಿನ ಅರಬ್ ಮುಖಂಡರ ಕೈಗೆ ಹೋಯಿತು. ದಕ್ಷಿಣದ ಬಂಡಾಯ ಸ್ವಾತಂತ್ರ್ಯಕ್ಕೆ ಮುನ್ನವೇ, 1955ರಲ್ಲೇ ಆರಂಭವಾಗಿತ್ತು. 1972ರ ಅಡಿಸ್ ಅಬಾಬ ಒಪ್ಪಂದ ದಕ್ಷಿಣಕ್ಕೆ ಸ್ವಾಯತ್ತತೆ ಕೊಟ್ಟಿತು. 1983ರಲ್ಲಿ ಅಧ್ಯಕ್ಷ ನಿಮೇರಿ ಆ ಸ್ವಾಯತ್ತತೆಯನ್ನು ಕಿತ್ತುಹಾಕಿ ದೇಶಕ್ಕೆಲ್ಲ ಷರಿಯತ್ ಕಾನೂನು ಜಾರಿ ಮಾಡಿದರು. ಆ ಹೊತ್ತಿಗೆ ದಕ್ಷಿಣದಲ್ಲಿ ತೈಲ ಪತ್ತೆಯಾಗಿತ್ತು ಎಂಬುದನ್ನು ಗಮನಿಸಬೇಕು. ಜಾನ್ ಗರಾಂಗ್ ನಾಯಕತ್ವದಲ್ಲಿ ಎರಡನೆಯ ಯುದ್ಧ ಆರಂಭವಾಗಿ 22 ವರ್ಷ ನಡೆಯಿತು. ಯುದ್ಧ, ಹಸಿವು, ರೋಗಗಳಿಂದ ಸತ್ತವರು ಸುಮಾರು 20 ಲಕ್ಷ ಎಂಬ ಅಂದಾಜಿದೆ.

2005ರ ಜನವರಿಯಲ್ಲಿ ಶಾಂತಿ ಒಪ್ಪಂದವಾಯಿತು. ಏಳು ತಿಂಗಳು ಕಳೆಯುವಷ್ಟರಲ್ಲಿ ಗರಾಂಗ್ ಹೆಲಿಕಾಪ್ಟರ್ ಅಪಘಾತದಲ್ಲಿ ಮಡಿದರು. ಸಾಲ್ವಾ ಕೀರ್ ಅವರ ಸ್ಥಾನಕ್ಕೆ ಬಂದರು. 2011ರ ಜನವರಿಯ ಜನಮತಗಣನೆಯಲ್ಲಿ ಶೇಕಡಾ 98.83 ಮಂದಿ ಪ್ರತ್ಯೇಕ ದೇಶ ಬೇಕೆಂದರು. 60ಕ್ಕೂ ಹೆಚ್ಚು ಜನಾಂಗಗಳ ಮತದಾರರು ಹೀಗೆ ಒಂದೇ ಕಡೆ ನಿಂತರು. ಹಳೆಯ ವೈರವೊಂದೇ ಸತ್ಯವಾಗಿದ್ದರೆ ಅಷ್ಟು ದೊಡ್ಡ ಒಮ್ಮತ ಎಲ್ಲಿಂದ ಬಂತು?

ಕುರ್ಚಿಯ ಜಗಳ ಜನಾಂಗದ ಜಗಳವಾದದ್ದು

ವೈರದ ನೆನಪು ಇರಲಿಲ್ಲವೆಂದಲ್ಲ. ದಿಂಕಾ ಮತ್ತು ನುಯೆರ್ ಇಬ್ಬರೂ ದನಗಾಹಿ ಜನ. ದನವೇ ಅವರ ಆಸ್ತಿ. ಮದುವೆಯಲ್ಲಿ ವಧುವಿನ ಮನೆಗೆ ತೆರ ಕೊಡುವುದೂ ದನಗಳಲ್ಲಿಯೇ. ಹುಲ್ಲುಗಾವಲು, ನೀರು, ದನಗಳಿಗಾಗಿ ಅವರ ನಡುವೆ ಕಾದಾಟ ಹಿಂದಿನಿಂದಲೂ ಇತ್ತು. ಆದರೆ ಅದು ಈಟಿ ದೊಣ್ಣೆಗಳ ಕಾದಾಟ. ಅದಕ್ಕೆ ಮಿತಿಗಳಿದ್ದವು, ಹಿರಿಯರ ನ್ಯಾಯವಿತ್ತು, ಸತ್ತವನ ಮನೆಗೆ ಪರಿಹಾರವಾಗಿ ದನ ಕೊಡುವ ಪದ್ಧತಿಯಿತ್ತು. ಆ ಮಿತಿಗಳನ್ನು ಒಡೆದದ್ದು ಯುದ್ಧದ ಕಾಲದಲ್ಲಿ ಬಂದ ಬಂದೂಕು ಮತ್ತು ಅದನ್ನು ಹಂಚಿದ ನಾಯಕರು. 1991ರಲ್ಲಿ ಮಚಾರ್ ಗರಾಂಗರಿಂದ ಸಿಡಿದು ಬೇರೆಯಾದಾಗ ಅವರ ಕಡೆಯ ನುಯೆರ್ ಪಡೆಗಳು ಬೋರ್ ಪ್ರದೇಶದಲ್ಲಿ ಸುಮಾರು ಎರಡು ಸಾವಿರ ದಿಂಕಾ ಜನರನ್ನು ಕೊಂದವು. ಆ ಗಾಯ ಮಾಯಲಿಲ್ಲ.

2013ರ ಜುಲೈನಲ್ಲಿ ಕೀರ್ ಅವರು ಉಪಾಧ್ಯಕ್ಷ ಮಚಾರ್ ಅವರನ್ನೂ ಇಡೀ ಸಚಿವ ಸಂಪುಟವನ್ನೂ ವಜಾ ಮಾಡಿದರು. ಪಕ್ಷದೊಳಗೆ ಮುಂದಿನ ಅಧ್ಯಕ್ಷ ಯಾರು ಎಂಬ ಜಗಳ ಅದು. ಡಿಸೆಂಬರ್ 15ರ ರಾತ್ರಿ ಅಧ್ಯಕ್ಷರ ಕಾವಲು ಪಡೆಯೊಳಗೆ ಗುಂಡು ಹಾರಿತು. ಮರುದಿನಗಳಲ್ಲಿ ಜೂಬಾದ ಮನೆಮನೆಗಳಲ್ಲಿ ನುಯೆರ್ ಗಂಡಸರನ್ನು ಹುಡುಕಿ ಕೊಲ್ಲಲಾಯಿತು. ಸುದ್ದಿ ಹರಡಿದಂತೆ ಬೋರ್, ಮಲಕಾಲ್, ಬೆಂಟಿಯುಗಳಲ್ಲಿ ನುಯೆರ್ ಪಡೆಗಳು ಸೇಡು ತೀರಿಸಿಕೊಂಡವು. 2014ರ ಏಪ್ರಿಲ್‌ನಲ್ಲಿ ಬೆಂಟಿಯುವಿನಲ್ಲಿ ಮಸೀದಿ, ಆಸ್ಪತ್ರೆ, ಕಥೋಲಿಕ ಚರ್ಚ್‌ಗಳಲ್ಲಿ ಆಶ್ರಯ ಪಡೆದವರನ್ನೂ ಬಿಡಲಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಯುದ್ಧ ಆರಂಭವಾದಾಗ ಸರಕಾರಿ ಸೈನ್ಯದ ಮುಖ್ಯಸ್ಥರಾಗಿದ್ದ ಜೇಮ್ಸ್ ಹೋತ್ ಮಾಯಿ ಸ್ವತಃ ನುಯೆರ್. ಕೀರ್ ಅವರ ಟೀಕಾಕಾರರಲ್ಲಿ ಗರಾಂಗರ ಪತ್ನಿ ರೆಬೆಕಾ ನ್ಯಾಂಡೆಂಗ್ ಇದ್ದರು; ಅವರು ದಿಂಕಾ. 2016ರಲ್ಲಿ ಮಚಾರ್ ಅವರ ಕುರ್ಚಿಯಲ್ಲಿ ಕೀರ್ ಕೂರಿಸಿದ ತಬಾನ್ ದೆಂಗ್ ಗಾಯ್ ಕೂಡ ನುಯೆರ್. ಮೇಲಿನವರು ಲಾಭ ಕಂಡಾಗ ಜನಾಂಗದ ಗೆರೆಯನ್ನು ಸುಲಭವಾಗಿ ದಾಟುತ್ತಾರೆ. ಕೆಳಗಿನ ಬಡವನಿಗೆ ಮಾತ್ರ ಆ ಗೆರೆ ದಾಟಲು ಬಿಡುವುದಿಲ್ಲ. ಅವನ ಹಣೆಯ ಮೇಲಿನ ಗುರುತು ನೋಡಿ, ಅವನ ಭಾಷೆ ಕೇಳಿ ಅವನನ್ನು ಕೊಲ್ಲಲಾಗುತ್ತದೆ. ನಿಜಾಮ ಪೇಶ್ವೆಯ ಜೊತೆ ಸೇರಬಹುದಿತ್ತು; ನರಗುಂದದ ಒಕ್ಕಲಿಗೆ ಹೋಗಲು ಬೇರೆ ಜಾಗವಿರಲಿಲ್ಲ.

ಲಂಡನ್ನಿನ ಆರೋಗ್ಯ ವಿಜ್ಞಾನ ಸಂಸ್ಥೆಯೊಂದರ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಈ ಯುದ್ಧದಿಂದಾಗಿ ಸುಮಾರು 3,83,000 ಜನ ಸತ್ತರು. ಅವರಲ್ಲಿ ಸುಮಾರು ಅರ್ಧದಷ್ಟು ಜನ ನೇರ ಹಿಂಸೆಯಿಂದ. ಉಳಿದವರು ಹಸಿವು, ರೋಗ, ಔಷಧಿಯ ಕೊರತೆಯಿಂದ. 20 ಲಕ್ಷಕ್ಕೂ ಹೆಚ್ಚು ಜನ ನೆರೆಯ ದೇಶಗಳಿಗೆ ಓಡಿಹೋದರು. 2017ರ ಫೆಬ್ರವರಿಯಲ್ಲಿ ಯೂನಿಟಿ ರಾಜ್ಯದ ಕೆಲವು ಭಾಗಗಳಲ್ಲಿ ಬರಗಾಲವನ್ನು ಅಧಿಕೃತವಾಗಿ ಘೋಷಿಸಬೇಕಾಯಿತು. ತೈಲ ಬಾವಿಗಳಿರುವ ರಾಜ್ಯವೇ ಅದು!

ಕುರ್ಚಿ ಹಂಚಿದ ಒಪ್ಪಂದಗಳು

2015ರ ಆಗಸ್ಟ್‌ನಲ್ಲಿ ಮೊದಲ ದೊಡ್ಡ ಶಾಂತಿ ಒಪ್ಪಂದವಾಯಿತು. 2016ರ ಏಪ್ರಿಲ್‌ನಲ್ಲಿ ಮಚಾರ್ ತಮ್ಮ ಸೈನಿಕರೊಂದಿಗೆ ಜೂಬಾಕ್ಕೆ ಮರಳಿ ಪ್ರಥಮ ಉಪಾಧ್ಯಕ್ಷರಾದರು. ಒಂದೇ ರಾಜಧಾನಿಯಲ್ಲಿ ಎರಡು ಸೈನ್ಯ! ಜುಲೈನಲ್ಲಿ ಮತ್ತೆ ಗುಂಡು ಹಾರಿತು. ಆಗ ‘ಸಂಕಟ ಮೋಚನ’ ಎಂಬ ಹೆಸರಿನಲ್ಲಿ ಭಾರತೀಯ ವಾಯುಪಡೆಯ ವಿಮಾನಗಳು ಹೋಗಿ ನಮ್ಮವರನ್ನು ಕರೆತಂದವು. ಮಚಾರ್ ಕಾಡು ಹಾದಿ ಹಿಡಿದು ಕಾಂಗೋಗೆ ಪಾರಾದರು.

2018ರ ಸೆಪ್ಟೆಂಬರ್ 12ರಂದು ಎರಡನೆಯ ಒಪ್ಪಂದ. ಅದರ ಪ್ರಕಾರ 2020ರ ಫೆಬ್ರವರಿಯಲ್ಲಿ ಒಬ್ಬ ಅಧ್ಯಕ್ಷ ಮತ್ತು ಐವರು ಉಪಾಧ್ಯಕ್ಷರ ಸರಕಾರ ರಚನೆಯಾಯಿತು. ಜಗಳವಾಡಿದ ಪ್ರತಿಯೊಬ್ಬರಿಗೂ ಒಂದೊಂದು ಕುರ್ಚಿ. ಆದರೆ ಆ ಒಪ್ಪಂದದಲ್ಲಿಯೇ ಇದ್ದ ಬೇರೆ ಮಾತುಗಳು ಏನಾದವು? ಎರಡು ಸೈನ್ಯಗಳನ್ನು ಕೂಡಿಸಿ ಒಂದೇ ಸೈನ್ಯ ಮಾಡಬೇಕಿತ್ತು. ಆ ಕೆಲಸ ಕುಂಟುತ್ತಲೇ ಸಾಗಿತು. ಯುದ್ಧಾಪರಾಧಗಳ ವಿಚಾರಣೆಗೆ ವಿಶೇಷ ನ್ಯಾಯಾಲಯ ಬರಬೇಕಿತ್ತು, ಅದು ಬರಲಿಲ್ಲ. ಶಾಶ್ವತ ಸಂವಿಧಾನ ಬರೆಯಬೇಕಿತ್ತು; ಬರೆಯಲಿಲ್ಲ. ಚುನಾವಣೆ ಮತ್ತೆ ಮತ್ತೆ ಮುಂದೆ ಹೋಯಿತು. 2024ರ ಸೆಪ್ಟೆಂಬರ್‌ನಲ್ಲಿ ಅದನ್ನು 2026ರ ಡಿಸೆಂಬರ್‌ಗೆ ಮುಂದೂಡಲಾಯಿತು. ಕುರ್ಚಿಯ ಭಾಗ ಮಾತ್ರ ಜಾರಿಯಾಯಿತು.

ಹಾಗಾಗಿ 2025ರ ಮಾರ್ಚ್‌ನಲ್ಲಿ ನಾಸಿರ್ ಪಟ್ಟಣದ ಸೇನಾ ನೆಲೆಯನ್ನು ‘ಬಿಳಿ ಸೈನ್ಯ’ ಎಂದು ಕರೆಯಲ್ಪಡುವ ನುಯೆರ್ ಯುವಕರ ಪಡೆ ವಶಪಡಿಸಿಕೊಂಡಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಗಾಯಗೊಂಡ ಸೈನಿಕರನ್ನು ಕರೆತರಲು ಹೋದ ವಿಶ್ವಸಂಸ್ಥೆಯ ಹೆಲಿಕಾಪ್ಟರ್ ಮೇಲೂ ಗುಂಡು ಹಾರಿತು. ಅದೇ ತಿಂಗಳ ಕೊನೆಗೆ ಮಚಾರ್ ಗೃಹಬಂಧನಕ್ಕೊಳಗಾದರು. ಮೇ 3ರಂದು ಓಲ್ಡ್ ಫಂಗಾಕ್ ಎಂಬಲ್ಲಿ ಗಡಿರಹಿತ ವೈದ್ಯರ ಸಂಸ್ಥೆಯ ಆಸ್ಪತ್ರೆಯ ಮೇಲೆ ಬಾಂಬ್ ಬಿದ್ದಿತು. ಗಜೇಂದ್ರಗಡದ ಒಪ್ಪಂದಕ್ಕೆ ಆದದ್ದೇ ಇದಕ್ಕೂ ಆಯಿತು.

ಖಜಾನೆಯ ಬಾಗಿಲು

ಇವರು ಇಷ್ಟು ಹೊಡೆದಾಡುವುದು ಯಾವುದಕ್ಕಾಗಿ? ಸರಕಾರದ ಆದಾಯದ ಬಹುಪಾಲು ತೈಲದಿಂದ ಬರುತ್ತದೆ. ಆ ತೈಲ ಸಮುದ್ರ ಸೇರಬೇಕಾದರೆ ಉತ್ತರದ ಸುಡಾನಿನ ಕೊಳವೆ ಮಾರ್ಗದಲ್ಲಿಯೇ ಹೋಗಬೇಕು. ಸಾಗಣೆ ಶುಲ್ಕದ ಜಗಳದಿಂದ 2012ರಲ್ಲಿ ಉತ್ಪಾದನೆಯನ್ನೇ ನಿಲ್ಲಿಸಲಾಗಿತ್ತು. 2024ರ ಫೆಬ್ರವರಿಯಲ್ಲಿ ಸುಡಾನಿನ ಯುದ್ಧದ ನಡುವೆ ಮುಖ್ಯ ಕೊಳವೆಯೊಂದು ಒಡೆದಾಗ ನೌಕರರ ಸಂಬಳವೂ ನಿಂತಿತು. ರೈತನಿಂದ ತೆರಿಗೆ ಪಡೆಯುವ ಸರಕಾರ ರೈತನಿಗೆ ಅಷ್ಟಿಷ್ಟಾದರೂ ಉತ್ತರ ಹೇಳಬೇಕು. ನೆಲದಡಿಯಿಂದ ಹಣ ಪಡೆಯುವ ಸರಕಾರಕ್ಕೆ ಜನರ ಹಂಗೇ ಇಲ್ಲ. ರಾಜಧಾನಿ ಯಾರ ಕೈಯಲ್ಲಿದೆಯೋ ಖಜಾನೆ ಅವರದು.

ವಿಶ್ವಸಂಸ್ಥೆಯ ಮಾನವ ಹಕ್ಕು ಆಯೋಗ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ವರದಿಯಂತೆ, ಸ್ವಾತಂತ್ರ್ಯದ ನಂತರ ಆ ದೇಶಕ್ಕೆ ತೈಲದಿಂದ 2,500 ಕೋಟಿ ಡಾಲರಿಗೂ ಹೆಚ್ಚು ಹಣ ಬಂದಿದೆ. ‘ತೈಲಕ್ಕೆ ಬದಲು ರಸ್ತೆ’ ಎಂಬ ಯೋಜನೆಯ ಹೆಸರಿನಲ್ಲಿ ಕೋಟ್ಯಂತರ ಡಾಲರ್ ಅಧಿಕಾರಸ್ಥರಿಗೆ ಹತ್ತಿರದ ಕಂಪೆನಿಗಳಿಗೆ ಹೋಯಿತು, ರಸ್ತೆಗಳು ಮಾತ್ರ ಆಗಲಿಲ್ಲ ಎಂದು ಆಯೋಗ ಹೇಳಿದೆ.

ರಸ್ತೆಯ ಬೆಲೆ ರೋಣ, ನರಗುಂದದ ಜನರಿಗೆ ಹೇಳಿಕೊಡಬೇಕಾಗಿಲ್ಲ. ದಕ್ಷಿಣ ಸುಡಾನಿನ ಬಯಲು ಪ್ರದೇಶದ ಮಣ್ಣು ಕೂಡ ಅವರದೇ ಎರೆಮಣ್ಣಿನ ಜಾತಿಯದು. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು. ಮಳೆ ಬಿದ್ದರೆ ಚಕ್ಕಡಿಯ ಗಾಲಿ ಹೂತುಹೋಗುವ ರಾಡಿ. ಅಲ್ಲಿ ಮಳೆಗಾಲದಲ್ಲಿ ಇಡೀ ಜಿಲ್ಲೆಗಳು ತಿಂಗಳುಗಟ್ಟಲೆ ಹೊರಜಗತ್ತಿನ ಸಂಪರ್ಕ ಕಳೆದುಕೊಳ್ಳುತ್ತವೆ. ಜೋಳವನ್ನು ವಿಮಾನದಿಂದ ಕೆಳಗೆ ಹಾಕಬೇಕಾಗುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರು, ಹೊಳೆಆಲೂರು ಕಡೆಯ ಹಳ್ಳಿಗಳು ಮುಳುಗಿದಾಗ ಜನರು ಎತ್ತರದ ಜಾಗಕ್ಕೆ ಹೋದರು, ಪರಿಹಾರ ಕೇಂದ್ರಗಳು ತೆರೆದವು. ಪರಿಹಾರ ಸಾಲದೆಂದು ಜನರು ಸರಕಾರವನ್ನು ಜಗ್ಗಿ ಕೇಳಿದರು. ಅದೇ ವರ್ಷದಿಂದ ದಕ್ಷಿಣ ಸುಡಾನಿನಲ್ಲಿ ವರ್ಷವರ್ಷವೂ ನೆರೆ ಬಂತು. ನೀರು ತುಂಬಿದ ಬಯಲಿನಿಂದ ದಿಂಕಾ ದನಗಾಹಿಗಳು ದಕ್ಷಿಣದ ಇಕ್ವೆಟೋರಿಯಾದ ರೈತರ ಹೊಲಗಳ ಕಡೆಗೆ ಸರಿದರು. ಅಲ್ಲಿ ಬೆಳೆ ಮೇಯ್ದ ಜಗಳ ಬಂದೂಕಿನಲ್ಲಿ ಮುಗಿಯತೊಡಗಿತು.

ಇಲ್ಲಿ ಎರಡೂ ನೆಲಗಳ ವ್ಯತ್ಯಾಸ ಕಾಣುತ್ತದೆ. ಗಜೇಂದ್ರಗಡ, ರೋಣದ ಸುತ್ತ ಕುರಿಗಾರರು ಸುಗ್ಗಿ ಮುಗಿದ ಹೊಲಗಳಲ್ಲಿ ಹಿಂಡು ನಿಲ್ಲಿಸುತ್ತಾರೆ. ಹೊಲಕ್ಕೆ ಗೊಬ್ಬರ, ಕುರಿಗೆ ಮೇವು, ಕುರಿಗಾರನಿಗೆ ಕಾಳು ಅಥವಾ ಹಣ. ಹಿಂಡು ಬೆಳೆಗೆ ನುಗ್ಗಿದರೆ ಜಗಳವಾಗುತ್ತದೆ, ಬೈದಾಟವಾಗುತ್ತದೆ. ಆದರೆ ಊರ ಹಿರಿಯರಿದ್ದಾರೆ, ಕೊಂಡವಾಡ ಎಂಬ ವ್ಯವಸ್ಥೆಯಿತ್ತು, ಪೊಲೀಸ್ ಠಾಣೆ ಇದೆ, ಕೋರ್ಟು ಇದೆ.

ನರಗುಂದದ ಕೋಪ ಹಿಡಿದ ದಾರಿ

ನರಗುಂದದವರು ಕೋಪ ಬರದ ಜನರೇನಲ್ಲ. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಬೆಟರ್‌ಮೆಂಟ್ ಲೆವಿ ಎಂಬ ಕರ ಹೇರಿದಾಗ, ಕಾಲುವೆಯ ನೀರು ಸರಿಯಾಗಿ ಬರದಿದ್ದರೂ ಹಣ ಕಟ್ಟು ಎಂದಾಗ, ಅವರು ಸಿಡಿದೆದ್ದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಯಿತು. ರೈತರೂ ಪೊಲೀಸರೂ ಜೀವ ಕಳೆದುಕೊಂಡರು. ಅದು ನೋವಿನ ದಿನ. ಇಂದಿಗೂ ಪ್ರತಿವರ್ಷ ಅಲ್ಲಿ ಹುತಾತ್ಮ ರೈತರನ್ನು ನೆನೆಯುತ್ತಾರೆ.

ಆದರೆ ಆ ರಕ್ತದ ನಂತರ ಏನಾಯಿತು? ರೈತರು ಬಂದೂಕು ಹುಡುಕಿಕೊಂಡು ಹೋಗಲಿಲ್ಲ. ಜಾತಿ ಜಾತಿಯಾಗಿ ಒಡೆಯಲೂ ಇಲ್ಲ. ರಾಜ್ಯದುದ್ದಕ್ಕೂ ರೈತ ಸಂಘಟನೆ ಬೆಳೆಯಿತು. 1983ರ ಚುನಾವಣೆಯಲ್ಲಿ ಅಂದಿನ ಆಳುವ ಪಕ್ಷ ಅಧಿಕಾರ ಕಳೆದುಕೊಂಡಿತು. ಮುಂದೆ 2015ರ ಜುಲೈನಿಂದ ಮಹದಾಯಿ ನೀರಿಗಾಗಿ ನರಗುಂದದಲ್ಲಿ ರೈತರು ವರ್ಷಗಟ್ಟಲೆ ಧರಣಿ ಕುಳಿತರು. ಎದುರಿಗಿದ್ದದ್ದು ಗೋವಾ ರಾಜ್ಯ. ಬೇರೆ ಭಾಷೆ, ಬೇರೆ ಸರಕಾರ. ಜಗಳ ನ್ಯಾಯಮಂಡಳಿಯ ಮುಂದೆ ಹೋಯಿತು. 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿಕೆಯಾಯಿತು. ಅದು ಸಾಲದು ಎನ್ನುವವರು, ಹೆಚ್ಚಾಯಿತು ಎನ್ನುವವರು ಮತ್ತೆ ನ್ಯಾಯಾಲಯಕ್ಕೆ ಹೋದರು. ತಡವಾಗುತ್ತದೆ, ಬೇಸರವಾಗುತ್ತದೆ, ಆದರೆ ನೀರಿಗಾಗಿ ಗೋವೆಯ ಮೇಲೆ ಯಾರೂ ದಂಡೆತ್ತಿ ಹೋಗಲಿಲ್ಲ.

ದಕ್ಷಿಣ ಸುಡಾನಿನ ಜನರಿಗೆ ಸ್ವಾತಂತ್ರ್ಯದ ನಂತರದ ಹದಿನಾಲ್ಕು ವರ್ಷಗಳಲ್ಲಿ ಒಂದು ರಾಷ್ಟ್ರೀಯ ಚುನಾವಣೆಯೂ ಸಿಗಲಿಲ್ಲ. ಸರಕಾರವನ್ನು ಬದಲಿಸುವ ದಾರಿ ಮತಪೆಟ್ಟಿಗೆಯಲ್ಲಿ ಇಲ್ಲದಿದ್ದಾಗ ಅದನ್ನು ಬಂದೂಕಿನಲ್ಲಿ ಹುಡುಕುತ್ತಾರೆ. ಬಂದೂಕು ಹಿಡಿಯಲು ಜನ ಬೇಕು. ಜನರನ್ನು ಸೇರಿಸಲು ಅತ್ಯಂತ ಅಗ್ಗದ ಮಾತು ಜನಾಂಗದ್ದು. ಅಂದರೆ ಅಲ್ಲಿ ದ್ವೇಷದಿಂದ ಯುದ್ಧ ಹುಟ್ಟಿತು ಎನ್ನುವುದಕ್ಕಿಂತ, ಯುದ್ಧಕ್ಕೆ ಬೇಕಾಗಿ ದ್ವೇಷವನ್ನು ಸಾಕಲಾಯಿತು ಎನ್ನುವುದು ಸತ್ಯಕ್ಕೆ ಹತ್ತಿರ.

ವುನ್ಲಿಟ್ ಕಲಿಸಿದ ಪಾಠ

ಹಾಗಾದರೆ ದಿಂಕಾ ಮತ್ತು ನುಯೆರ್ ಜನರು ಎಂದೂ ರಾಜಿಯಾಗಿಲ್ಲವೇ? ಆಗಿದ್ದಾರೆ. 1999ರ ಫೆಬ್ರವರಿ-ಮಾರ್ಚ್‌ನಲ್ಲಿ ವುನ್ಲಿಟ್ ಎಂಬ ದಿಂಕಾ ಹಳ್ಳಿಯಲ್ಲಿ, ಯುದ್ಧದ ನಡುವೆಯೇ, ಎರಡೂ ಜನಾಂಗಗಳ ನೂರಾರು ಮುಖ್ಯಸ್ಥರು, ಹಿರಿಯರು, ಹೆಂಗಸರು ಸೇರಿದರು. ಅವರನ್ನು ಸೇರಿಸಿದ್ದು ಅಲ್ಲಿನ ಕ್ರೈಸ್ತ ಸಭೆಗಳ ಒಕ್ಕೂಟವಾದ ನ್ಯೂ ಸುಡಾನ್ ಕೌನ್ಸಿಲ್ ಆಫ್ ಚರ್ಚಸ್. ದಿನಗಟ್ಟಲೆ ಒಬ್ಬರಾದ ಮೇಲೆ ಒಬ್ಬರು ಎದ್ದು ತಮ್ಮ ಮೇಲಾದ ಅನ್ಯಾಯ ಹೇಳಿದರು. ಎದುರಿನವರು ಕೂತು ಕೇಳಬೇಕಿತ್ತು. ಬಿಳಿಯ ಎತ್ತೊಂದನ್ನು ಬಲಿ ಕೊಟ್ಟು ತಮ್ಮ ಸಂಪ್ರದಾಯದಂತೆ ಪ್ರಮಾಣ ಮಾಡಿದರು. ಅಪಹರಿಸಿದ ಹೆಂಗಸರು ಮಕ್ಕಳನ್ನು ಹಿಂದಿರುಗಿಸುವುದು, ಹುಲ್ಲುಗಾವಲು ಮತ್ತು ಮೀನಿನ ನೀರನ್ನು ಹಂಚಿಕೊಳ್ಳುವುದು, ಗಡಿಯಲ್ಲಿ ಕಾವಲಿಡುವುದು ಎಂಬ ಹಾಗೆ ಒಂದೊಂದನ್ನೂ ಮಾತಾಡಿ ಬರೆದರು.

ನೈಲ್ ನದಿಯ ಪಶ್ಚಿಮ ದಂಡೆಯಲ್ಲಿ ಆ ಮಾತು ಬಹುಕಾಲ ನಿಂತಿತು. ದನಗಳು ಮತ್ತೆ ಗಡಿ ದಾಟಿ ಮೇಯ್ದವು. 2002ರಲ್ಲಿ ನಾಯಕರು ಮತ್ತೆ ಒಂದಾಗಲು ಈ ಕೆಳಗಿನ ಶಾಂತಿ ದಾರಿ ಮಾಡಿಕೊಟ್ಟಿತು. ವುನ್ಲಿಟ್‌ನಲ್ಲಿ ಯಾರಿಗೂ ಮಂತ್ರಿಗಿರಿ ಸಿಗಲಿಲ್ಲ. ಅಲ್ಲಿ ಸಹಿ ಹಾಕಿದವರು ಮರುದಿನ ಅದೇ ಬಾವಿಗೆ, ಅದೇ ಹುಲ್ಲುಗಾವಲಿಗೆ ಹೋಗಬೇಕಾದವರು. ಒಪ್ಪಂದ ಮುರಿದರೆ ನಷ್ಟ ಅವರಿಗೇ. ಗಜೇಂದ್ರಗಡದ 1787ರ ಕಾಗದಕ್ಕೂ ಜೂಬಾದ ಕಾಗದಗಳಿಗೂ ಇಲ್ಲದ ಬಲ ಅದಕ್ಕಿತ್ತು. ಆದರೆ ಮೇಲಿನವರು ಸೈನ್ಯ ಮತ್ತು ಖಜಾನೆಯನ್ನು ಸರಿಪಡಿಸದಿದ್ದರೆ ಕೆಳಗಿನ ಶಾಂತಿಯೂ ಉಳಿಯುವುದಿಲ್ಲ ಎಂಬುದನ್ನು 2013 ತೋರಿಸಿತು. ಎರಡೂ ಬೇಕು.

ಧರ್ಮಸಭೆ ಮಾಡಿದ್ದು, ಮಾಡಲಾಗದ್ದು

ಈ ಯುದ್ಧ ನಮ್ಮನ್ನು ವಿಶೇಷವಾಗಿ ಕಾಡಬೇಕು. ಏಕೆಂದರೆ ಸಾಲ್ವಾ ಕೀರ್ ಕಥೋಲಿಕರು. ಮಚಾರ್ ಪ್ರೆಸ್ಬಿಟೇರಿಯನ್ ಕ್ರೈಸ್ತರು. ಕೊಂದವರಲ್ಲಿ, ಕೊಲ್ಲಲ್ಪಟ್ಟವರಲ್ಲಿ ಬಹುಮಂದಿ ಸ್ನಾನದೀಕ್ಷೆ ಪಡೆದವರು. 2019ರ ಏಪ್ರಿಲ್ 11ರಂದು ವ್ಯಾಟಿಕನ್‌ನಲ್ಲಿ ಈ ನಾಯಕರಿಗಾಗಿ ನಡೆದ ಧ್ಯಾನಕೂಟದ ಕೊನೆಗೆ, 82 ವರ್ಷದ ಪೋಪ್ ಫ್ರಾನ್ಸಿಸ್ ಮೊಣಕಾಲೂರಿ ಅವರ ಪಾದಗಳನ್ನು ಚುಂಬಿಸಿದರು. 2023ರ ಫೆಬ್ರವರಿಯಲ್ಲಿ ಗಾಲಿಕುರ್ಚಿಯಲ್ಲಿ ಜೂಬಾಕ್ಕೆ ಹೋದರು. ಜೊತೆಗೆ ಆಗಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಹಾಗೂ ಸ್ಕಾಟ್ಲೆಂಡ್ ಸಭೆಯ ಮುಖ್ಯಸ್ಥರೂ ಇದ್ದರು. 2025ರ ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್ ನಿಧನರಾದಾಗ ಮಚಾರ್ ಗೃಹಬಂಧನದಲ್ಲಿದ್ದರು.

ಹಾಗಾದರೆ ಆ ಚುಂಬನ ವ್ಯರ್ಥವೇ? ಹಾಗೆ ಹೇಳಲಾಗದು. ಆದರೆ ನಾಯಕರ ಹೃದಯಕ್ಕೆ ಮಾಡಿದ ಮನವಿಯೊಂದೇ ಸಾಲದು ಎಂಬುದನ್ನು ಒಪ್ಪಿಕೊಳ್ಳಬೇಕು. ಇನ್ನೊಂದು ಕಹಿ ಸತ್ಯವನ್ನೂ ಒಪ್ಪಬೇಕು. 2021ರ ಏಪ್ರಿಲ್‌ನಲ್ಲಿ ರುಂಬೆಕ್ ಧರ್ಮಪ್ರಾಂತ್ಯಕ್ಕೆ ನೇಮಕವಾಗಿದ್ದ ಧರ್ಮಾಧ್ಯಕ್ಷ ಕ್ರಿಶ್ಚಿಯನ್ ಕರ್ಲಸ್ಸಾರೆ ಅವರ ಎರಡೂ ಕಾಲುಗಳಿಗೆ ಗುಂಡು ಹಾರಿಸಲಾಯಿತು. ಮರುವರ್ಷ ಆ ಪ್ರಕರಣದಲ್ಲಿ ಶಿಕ್ಷೆಗೊಳಗಾದವರಲ್ಲಿ ಅದೇ ಧರ್ಮಪ್ರಾಂತ್ಯದ ಒಬ್ಬ ಗುರುವೂ ಇದ್ದರು. 2019ರ ಡಿಸೆಂಬರ್‌ನಲ್ಲಿ ಸ್ಟೀಫನ್ ಅಮೆಯು ಜೂಬಾದ ಮಹಾಧರ್ಮಾಧ್ಯಕ್ಷರಾಗಿ ನೇಮಕವಾದಾಗ, ಅವರು ಸ್ಥಳೀಯರಲ್ಲವೆಂದು ಕೆಲವು ಗುರುಗಳೂ ವಿಶ್ವಾಸಿಗಳೂ ವಿರೋಧಿಸಿದರು. 2023ರಲ್ಲಿ ಅವರು ಕಾರ್ಡಿನಲ್ ಆದರು. “ನಮ್ಮವನಲ್ಲ” ಎಂಬ ಮಾತು ಇಗರ್ಜಿಯ ಬಾಗಿಲಲ್ಲಿ ಚಪ್ಪಲಿಯ ಜೊತೆ ಬಿಟ್ಟುಬರುವ ಮಾತಲ್ಲ. ಅದು ಒಳಗೂ ಬರುತ್ತದೆ.

ಬೆಳಕಿನ ಮಾದರಿಯೂ ಇದೆ. ತೊರಿತ್‌ನ ನಿವೃತ್ತ ಧರ್ಮಾಧ್ಯಕ್ಷ ಪರೀದೆ ತಬಾನ್ 2005ರಲ್ಲಿ ಕುರೋನ್ ಎಂಬಲ್ಲಿ ಶಾಂತಿಗ್ರಾಮವೊಂದನ್ನು ಕಟ್ಟಿದರು. ದನಕ್ಕಾಗಿ ಹೊಡೆದಾಡುತ್ತಿದ್ದ ಜನಾಂಗಗಳ ಮಕ್ಕಳು ಅಲ್ಲಿ ಒಂದೇ ಶಾಲೆಗೆ ಬಂದರು. ರೋಗಿಗಳು ಒಂದೇ ಚಿಕಿತ್ಸಾಲಯಕ್ಕೆ ಬಂದರು. 2023ರ ನವೆಂಬರ್ 1ರಂದು ಅವರು ತೀರಿಕೊಂಡರು. ಗ್ರಾಮ ಅವರ ಹಿಂದೆ ಉಳಿಯಿತು.

ನಮಗೇನು?

ಇದು ಆಫ್ರಿಕಾದ ಕತೆ ಎಂದು ಮುಗಿಸುವ ಹಾಗಿಲ್ಲ. 2023ರ ಮೇ ತಿಂಗಳಲ್ಲಿ ನಮ್ಮದೇ ಮಣಿಪುರದಲ್ಲಿ ಮೈತೇಯಿ ಮತ್ತು ಕುಕಿ ಸಮುದಾಯಗಳ ನಡುವೆ ಹಿಂಸೆ ಸಿಡಿಯಿತು. 250ಕ್ಕೂ ಹೆಚ್ಚು ಜನ ಸತ್ತರು. ಸುಮಾರು 60,000 ಜನ ಮನೆ ಬಿಟ್ಟರು. ಪೊಲೀಸರ ಶಸ್ತ್ರಾಗಾರಗಳಿಂದ ಸಾವಿರಾರು ಬಂದೂಕುಗಳು ಲೂಟಿಯಾದವು. ಎರಡೂ ಕಡೆಯವರು ಒಂದೇ ಪೇಟೆಯಲ್ಲಿ ವ್ಯಾಪಾರ ಮಾಡುತ್ತಿದ್ದವರು. ಚುನಾವಣೆ, ನ್ಯಾಯಾಲಯ ಎರಡೂ ಇರುವ ದೇಶದಲ್ಲಿಯೇ ಇದು ನಡೆಯಿತೆಂದರೆ, ಆ ವ್ಯವಸ್ಥೆಗಳು ತಾವಾಗಿಯೇ ನಮ್ಮನ್ನು ಕಾಯುವುದಿಲ್ಲ; ಅವುಗಳನ್ನು ನಾವು ಕಾಯಬೇಕು.

ಧರ್ಮಕೇಂದ್ರಗಳಲ್ಲಿ, ಸಂಘ ಸಂಸ್ಥೆಗಳಲ್ಲಿ ದುಡಿಯುವವರು ಮೂರು ವಿಷಯಗಳನ್ನು ಯೋಚಿಸಬಹುದು. ಮೊದಲನೆಯದಾಗಿ, ಯಾವುದೇ ಜಗಳಕ್ಕೆ ಜಾತಿ ಅಥವಾ ಧರ್ಮದ ಹೆಸರು ಅಂಟಿಸಿದ ಸುದ್ದಿ ಮೊಬೈಲಿಗೆ ಬಂದಾಗ, ಅದನ್ನು ಮುಂದಕ್ಕೆ ಕಳಿಸುವ ಮೊದಲು ಇದರಲ್ಲಿ ಜಾಗ ಯಾರದು, ಹಣ ಯಾರದು, ಲಾಭ ಯಾರಿಗೆ ಎಂದು ಕೇಳಬೇಕು. ಎರಡನೆಯದಾಗಿ, ನಮ್ಮ ಪಾಲನಾ ಮಂಡಳಿಗಳಲ್ಲಿ, ಶಾಲೆಯ ನೇಮಕಗಳಲ್ಲಿ, ಸಮಾಧಿಭೂಮಿಯಲ್ಲಿ “ನಮ್ಮವರು, ಅವರು” ಎಂಬ ಲೆಕ್ಕ ಎಲ್ಲಿ ಕುಳಿತಿದೆ ಎಂದು ಪ್ರಾಮಾಣಿಕವಾಗಿ ನೋಡಿಕೊಳ್ಳಬೇಕು. ಮೂರನೆಯದಾಗಿ, ಊರಲ್ಲಿ ಮನಸ್ತಾಪ ಬಂದಾಗ ಮುಖಂಡರ ಶಾಂತಿಸಭೆಯ ಫೋಟೋ ತೆಗೆದು ಮುಗಿಸದೆ, ಒಂದೇ ನಲ್ಲಿಗೆ, ಒಂದೇ ರೇಷನ್ ಅಂಗಡಿಗೆ ಬರುವವರನ್ನು ಕೂರಿಸಿ ಮಾತಾಡಿಸಬೇಕು. ಅನ್ಯಾಯವಾದವರು ಹೇಳಬೇಕು, ಉಳಿದವರು ಕೇಳಬೇಕು.

ಗಜೇಂದ್ರಗಡದ ಬೆಟ್ಟದ ಕೋಟೆ ಇಂದಿಗೂ ಇದೆ. ಅಲ್ಲಿ ನಡೆದ ಒಪ್ಪಂದ ಇತಿಹಾಸದ ಪುಸ್ತಕದಲ್ಲಿ ಒಂದು ಸಾಲು. ಅದೇ ಬೆಟ್ಟದ ಕೆಳಗೆ ಕುರಿಗಾರ ಮತ್ತು ರೈತ ಪ್ರತಿವರ್ಷ ಸುಗ್ಗಿಯ ನಂತರ ಬಾಯಿಮಾತಿನಲ್ಲಿ ಮಾಡಿಕೊಳ್ಳುವ ಒಪ್ಪಂದವನ್ನು ಯಾರೂ ಬರೆದಿಟ್ಟಿಲ್ಲ. ಅದು ನಡೆಯುತ್ತಲೇ ಇದೆ. ದಕ್ಷಿಣ ಸುಡಾನಿನ ದನಗಾಹಿಗೂ ರೈತನಿಗೂ ಅಂಥ ಒಂದು ಮಾತು ಮತ್ತು ಆ ಮಾತನ್ನು ಕಾಯುವ ಒಂದು ಸರಕಾರ ಸಿಗಲಿ ಎಂದು ಪ್ರಾರ್ಥಿಸೋಣ.